ಕ್ರಿಯಾಟಿನಿನ್ ನಾರ್ಮಲ್ ಇದ್ದರೆ ಸಾಕೇ?

ವ್ಯಾಪಾರಕ್ಕೋ ನೌಕರಿಗೋ ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹೋಗಿ ನೆಲೆಸಿದವರ ಮನೆಯಲ್ಲೂ, ಇಲ್ಲಿ ಊರಲ್ಲಿರುವ ನಮ್ಮ ಮನೆಗಳಲ್ಲೂ ಕೇಳಿಬರುವ ಮಾತು ಒಂದೇ: “ಉಮ್ಮನಿಗೆ ಶುಗರ್ ಇದೆ ಅಷ್ಟೇ. ಕಿಡ್ನಿಗೆ ಏನಾಗಿಲ್ಲ, ಕ್ರಿಯಾಟಿನಿನ್ ನಾರ್ಮಲ್ ಬಂದಿದೆ.”

ಈ ಸಮಾಧಾನ ಅನೇಕ ಸಲ ಸುಳ್ಳು. ಕ್ರಿಯಾಟಿನಿನ್ ಅನ್ನುವುದು ನಮ್ಮ ಮಾಂಸಖಂಡಗಳಿಂದ ರಕ್ತಕ್ಕೆ ಬರುವ ಕಸ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಕಸವೂ ಕಡಿಮೆಯಾಗುತ್ತದೆ. ಎಪ್ಪತ್ತು ದಾಟಿದ ಸಣಕಲು ದೇಹದ ಉಮ್ಮನ ಕಿಡ್ನಿ ಸಾಕಷ್ಟು ಸೋತಿದ್ದರೂ ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ‘ಇಜಿಎಫ್‌ಆರ್’ ನೋಡಬೇಕು.

ಇನ್ನೂ ಮುಖ್ಯವಾದದ್ದು ಮೂತ್ರ. ಶುಗರ್‌ನಿಂದ ಕಿಡ್ನಿಯ ಸೋಸುವ ಜಾಲರಿ ಹಾಳಾಗತೊಡಗಿದಾಗ ಅಲ್ಬುಮಿನ್ ಎಂಬ ಪ್ರೋಟೀನು ಸ್ವಲ್ಪ ಸ್ವಲ್ಪವೇ ಮೂತ್ರಕ್ಕೆ ಸೋರುತ್ತದೆ. ನೋವಿಲ್ಲ, ಬಾವಿಲ್ಲ. ಈ ಸಣ್ಣ ಸೋರಿಕೆಯೇ ಮುಂದಿನ ಅಪಾಯದ ಸೂಚನೆ ಎಂದು ಡೆನ್ಮಾರ್ಕಿನ ವೈದ್ಯ ಕಾರ್ಲ್ ಎರಿಕ್ ಮೊಗೆನ್ಸೆನ್ 1984ರಲ್ಲೇ ತೋರಿಸಿಕೊಟ್ಟಿದ್ದರು. ನಲ್ವತ್ತು ವರ್ಷ ದಾಟಿದರೂ ಈ ಪರೀಕ್ಷೆ ನಮ್ಮ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಈ ಕಾಯಿಲೆಗೂ ಮುಪ್ಪಿಗೂ ಏನು ನಂಟು ಎಂದು ಹುಡುಕುತ್ತಿರುವವರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕಿಡ್ನಿ ತಜ್ಞೆ ಲಟೋನ್ಯಾ ಹಿಕ್ಸನ್ ಒಬ್ಬರು. ದೇಹದಲ್ಲಿ ಕೆಲವು ಜೀವಕೋಶಗಳು ಮುದಿಯಾದರೂ ಸಾಯುವುದಿಲ್ಲ, ಅಕ್ಕಪಕ್ಕದ ಕೋಶಗಳಿಗೂ ಉರಿಯೂತ ಹಚ್ಚುತ್ತಾ ಕೂತಿರುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಇವುಗಳ ಕಾಟ ಹೆಚ್ಚು. ಹಿಕ್ಸನ್ ತಂಡ ಶುಗರ್‌ನಿಂದ ಕಿಡ್ನಿ ಕೆಟ್ಟ 9 ಮಂದಿಗೆ ಮೂರು ದಿನ ಡಾಸಾಟಿನಿಬ್, ಕ್ವೆರ್ಸೆಟಿನ್ ಎಂಬ ಎರಡು ಔಷಧ ಕೊಟ್ಟಿತು. 11 ದಿನಗಳ ನಂತರ ಅವರ ಕೊಬ್ಬಿನಲ್ಲೂ ಚರ್ಮದಲ್ಲೂ ಮುದಿ ಕೋಶಗಳು ಕಡಿಮೆಯಾಗಿದ್ದವು. ವರದಿ ಬಂದದ್ದು 2019ರಲ್ಲಿ.

ಆಸೆ ಹುಟ್ಟಿಸುವ ಸುದ್ದಿಯೇ. ಆದರೆ ಒಂಬತ್ತೇ ಜನ. ಕಿಡ್ನಿ ಸುಧಾರಿಸಿತು ಎಂದೂ ಇದರಿಂದ ಹೇಳಲಾಗದು. ಡಾಸಾಟಿನಿಬ್ ರಕ್ತದ ಕ್ಯಾನ್ಸರಿನ ಮದ್ದು, ಕೈಗೆ ಸಿಕ್ಕಂತೆ ನುಂಗುವಂಥದ್ದಲ್ಲ. ಕ್ವೆರ್ಸೆಟಿನ್ ನೀರುಳ್ಳಿಯಲ್ಲೂ ಇದೆ. ಹಾಗಂತ ಸಾರಿಗೆ ನಾಲ್ಕು ನೀರುಳ್ಳಿ ಜಾಸ್ತಿ ಹಾಕಿದರೆ ಕಿಡ್ನಿ ಎಳೆಯದಾಗದು; ವಾಟ್ಸ್‌ಆ್ಯಪ್‌ನಲ್ಲಿ ಹಾಗೆ ಬಂದರೂ ನಂಬಬೇಡಿ.

ಈಗ ಕೈಗೆಟಕುವ ಮದ್ದು ಬೇರೆ ಇದೆ. 4,304 ಮಂದಿಯ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಾಪಾಗ್ಲಿಫ್ಲೋಜಿನ್ ಮಾತ್ರೆ ಕಿಡ್ನಿ ಕೆಡುವುದನ್ನು ಸ್ಪಷ್ಟವಾಗಿ ನಿಧಾನಗೊಳಿಸಿತು. ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದಲ್ಲಿ ಇದರ ಬೆಲೆಯೂ ಇಳಿದಿದೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದು ವೈದ್ಯರ ತೀರ್ಮಾನ. ಆದರೆ ಸೋರಿಕೆ ಇದೆ ಎಂದು ಗೊತ್ತಾದರೆ ತಾನೇ ಆ ಮಾತು ಬರುವುದು?

ಗೊತ್ತು ಮಾಡಿಕೊಳ್ಳಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಚೆನ್ನೈನ ಕಿಡ್ನಿ ತಜ್ಞ ಡಾ. ಎಂ.ಕೆ. ಮಣಿ ಹತ್ತಿರದ ಹಳ್ಳಿಗಳಲ್ಲಿ ಇದನ್ನು ಮಾಡಿ ತೋರಿಸಿದರು. ಅಲ್ಲಿನ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಅವರು ಮನೆಮನೆಗೆ ಹೋಗಿ ಬಿಪಿ ನೋಡಿ ಮೂತ್ರ ಪರೀಕ್ಷಿಸುವ ವ್ಯವಸ್ಥೆ ಮಾಡಿದರು. ಶುಗರ್, ಬಿಪಿ ಇದ್ದವರಿಗೆ ಅಗ್ಗದ ಹಳೆಯ ಮಾತ್ರೆಗಳಿಂದಲೇ ಚಿಕಿತ್ಸೆ. ಮಾನ್ವಿ, ದೇವದುರ್ಗದಂಥ ತಾಲೂಕುಗಳಿಗೆ ಬೇಕಿರುವುದು ಇದೇ ಎಂದು ನಮಗನಿಸುತ್ತದೆ. ಕಿಡ್ನಿ ಪೂರ್ತಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅದಕ್ಕಾಗಿ ಸುಮಾರು 50 ಕಿ.ಮೀ. ದೂರದ ರಾಯಚೂರಿಗೆ ಬಸ್ಸು ಹತ್ತಬೇಕಾದರೆ, ಜೊತೆಗೆ ಹೋಗುವ ಮಗನ ದುಡಿಮೆಯೂ ನಿಂತಂತೆಯೇ.

ಹಾಗಾಗಿ ಶುಗರ್ ಇರುವ ಹಿರಿಯರನ್ನು ಲ್ಯಾಬಿಗೆ ಕರೆದೊಯ್ಯುವಾಗ ವರ್ಷಕ್ಕೊಮ್ಮೆಯಾದರೂ ‘ಯೂರಿನ್ ಅಲ್ಬುಮಿನ್–ಕ್ರಿಯಾಟಿನಿನ್ ರೇಶಿಯೊ’ ಎಂದು ಬಾಯಿಬಿಟ್ಟು ಕೇಳಿ. 30ಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಮಾಡಿಸಿ ವೈದ್ಯರಿಗೆ ತೋರಿಸಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ನುಂಗುವ ನೋವಿನ ಮಾತ್ರೆ ನಿಲ್ಲಲಿ; ರಾಯಚೂರಿನ ನಲ್ವತ್ತು ಡಿಗ್ರಿ ಬಿಸಿಲಲ್ಲಿ ನೀರು ಬತ್ತಿದ ದೇಹಕ್ಕೆ ಅದು ಇನ್ನೂ ಅಪಾಯ. ಕಿಡ್ನಿ ದುರ್ಬಲವಾದವರು ಉಪವಾಸ ಹಿಡಿಯಬಹುದೇ, ಮದ್ದಿನ ಸಮಯ ಹೇಗೆ ಬದಲಿಸಬೇಕು ಎಂಬುದನ್ನು ರಂಝಾನ್ ಚಂದ್ರ ಕಾಣುವ ಮುನ್ನಾದಿನವಲ್ಲ, ಒಂದೆರಡು ತಿಂಗಳು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.