ಉಲ್ಲೇಖಗಳ ಲೆಕ್ಕ: ಗಣಕ ಸಂಶೋಧಕರ ಕೆಲಸವನ್ನು ಅಳೆಯುವ ಬಗೆ

2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯಿಂದ ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಂತು. ಬರೆದವರು ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್ ಮತ್ತು ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ ಹೇಳುವ ವಿಧಾನ ಅದರಲ್ಲಿತ್ತು. ಅಂಕಿಗಳು ಹೆಚ್ಚಿದರೂ ಲೆಕ್ಕಕ್ಕೆ ಹಿಡಿಯುವ ಸಮಯ ಕೈಮೀರದಂತೆ ಅದು ಕೆಲಸ ಮಾಡುತ್ತಿತ್ತು. ಬಹುಕಾಲದಿಂದ ಗಣಿತಜ್ಞರು ಹುಡುಕುತ್ತಿದ್ದ ಉತ್ತರ ಅದು. 2004ರಲ್ಲಿ ಪ್ರಬಂಧ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ನಲ್ಲಿ ಅಚ್ಚಾಯಿತು. 2006ರಲ್ಲಿ ಗೊಡೆಲ್ ಪ್ರಶಸ್ತಿ, ಫುಲ್ಕರ್‌ಸನ್ ಪ್ರಶಸ್ತಿ ಎರಡೂ ಬಂದವು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು.

ಆ ಆಗಸ್ಟ್‌ನಲ್ಲಿ ಯಾರಾದರೂ ಈ ಇಬ್ಬರು ಯುವಕರ ಉಲ್ಲೇಖಗಳನ್ನು ಎಣಿಸಲು ಹೊರಟಿದ್ದರೆ ಕೈಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಪ್ರಬಂಧವನ್ನು ಓದಿದ ತಜ್ಞರಿಗೆ ಮಾತ್ರ ಅದರ ಬೆಲೆ ಕೆಲವೇ ದಿನಗಳಲ್ಲಿ ಗೊತ್ತಾಯಿತು. ಸಂಶೋಧನೆಯನ್ನು ಅಳೆಯುವ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂದು ತಿಳಿಯುವುದೇ ಈ ಅಧ್ಯಾಯದ ಉದ್ದೇಶ.

ಎಣಿಕೆ ಶುರುವಾದ ಬಗೆ

ಒಬ್ಬರು ತಮ್ಮ ಪ್ರಬಂಧದಲ್ಲಿ ಇನ್ನೊಬ್ಬರ ಕೆಲಸವನ್ನು ಹೆಸರಿಸಿದರೆ ಅದು ಒಂದು ಉಲ್ಲೇಖ. ಇವನ್ನು ಎಣಿಸುವ ಯೋಚನೆ ಮೊದಲು ಬಂದದ್ದು ಗ್ರಂಥಾಲಯಗಳಿಗಾಗಿ. 1927ರಲ್ಲಿ ಅಮೆರಿಕದಲ್ಲಿ ಗ್ರಾಸ್ ಎಂಬ ಹೆಸರಿನ ಇಬ್ಬರು, ಕಾಲೇಜಿನ ಗ್ರಂಥಾಲಯ ಯಾವ ರಸಾಯನಶಾಸ್ತ್ರ ಜರ್ನಲ್‌ಗಳನ್ನು ತರಿಸಬೇಕು ಎಂದು ನಿರ್ಧರಿಸಲು ಉಲ್ಲೇಖಗಳನ್ನು ಲೆಕ್ಕಹಾಕಿದರು. ನಮ್ಮ ಎಸ್. ಆರ್. ರಂಗನಾಥನ್ 1948ರಲ್ಲೇ ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರದ ಅಳತೆ ಬೇಕೆಂದು ಹೇಳಿ ಅದನ್ನು ‘ಲೈಬ್ರಮೆಟ್ರಿ’ ಎಂದು ಕರೆದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಇಂದಿಗೂ ಈ ವಿದ್ಯೆಯನ್ನು ಕಲಿಸುತ್ತಿದೆ.

ಉಲ್ಲೇಖಗಳ ದೊಡ್ಡ ಸೂಚಿಯನ್ನು ಕಟ್ಟಿದವರು ಯೂಜೀನ್ ಗಾರ್ಫೀಲ್ಡ್. ಅಮೆರಿಕದ ವಕೀಲರು ಒಂದು ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಬಳಸಿವೆ ಎಂದು ನೋಡಲು 19ನೇ ಶತಮಾನದಿಂದಲೇ ‘ಶೆಪರ್ಡ್ಸ್’ ಎಂಬ ಸೂಚಿಯನ್ನು ಇಟ್ಟುಕೊಂಡಿದ್ದರು. ವಿಜ್ಞಾನಕ್ಕೂ ಅಂಥದ್ದೊಂದು ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ಹುಡುಕಲು ಹುಟ್ಟಿದ ಸಾಧನ ಅದು. ಮನುಷ್ಯರಿಗೆ ಅಂಕ ಕೊಡುವ ರೂಢಿ ಆಮೇಲೆ ಬಂದು ಸೇರಿಕೊಂಡಿತು.

ಎಚ್-ಇಂಡೆಕ್ಸ್ ಲೆಕ್ಕ

ಇಂದು ಹೆಚ್ಚು ಕೇಳಿಬರುವ ಅಳತೆಯನ್ನು 2005ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಶ್. ಲೆಕ್ಕ ಸರಳ. ಒಬ್ಬರ ಏಳು ಪ್ರಬಂಧಗಳಿಗೆ 120, 45, 18, 9, 6, 5, 1 ಉಲ್ಲೇಖಗಳು ಬಂದಿವೆ ಎನ್ನೋಣ. ಇಳಿಕೆಯ ಕ್ರಮದಲ್ಲಿರುವ ಈ ಸಾಲಿನಲ್ಲಿ ಐದನೆಯ ಪ್ರಬಂಧಕ್ಕೆ 6 ಉಲ್ಲೇಖಗಳಿವೆ, ಅಂದರೆ ಐದಕ್ಕೆ ಕಡಿಮೆಯಿಲ್ಲ. ಆರನೆಯದಕ್ಕೆ ಇರುವುದು 5 ಮಾತ್ರ. ಹೀಗಾಗಿ ಅವರ ಎಚ್-ಇಂಡೆಕ್ಸ್ 5. ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತೋರಿಸುವ ಐ10 ಎಂದರೆ ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ. ಇಲ್ಲಿ ಅದು 3. ಒಟ್ಟು ಉಲ್ಲೇಖ 204.

ಈಗ 120 ಇರುವ ಜಾಗದಲ್ಲಿ 12,000 ಎಂದು ಬರೆಯಿರಿ. ಒಂದು ಇಡೀ ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಪ್ರಬಂಧವಾದರೂ ಎಚ್-ಇಂಡೆಕ್ಸ್ 5ರಲ್ಲೇ ನಿಲ್ಲುತ್ತದೆ. ತಲಾ ಐದೇ ಉಲ್ಲೇಖ ಪಡೆದ ಐದು ಸಾಧಾರಣ ಪ್ರಬಂಧಗಳಿದ್ದವರ ಎಚ್-ಇಂಡೆಕ್ಸ್ ಕೂಡ 5. ಜೊತೆಗೆ ಈ ಅಂಕಿ ಪ್ರಬಂಧಗಳ ಸಂಖ್ಯೆಯನ್ನು ಎಂದಿಗೂ ದಾಟಲಾರದು, ವಯಸ್ಸಾದಂತೆ ಇಳಿಯಲಾರದು. ಕಡಿಮೆ ಬರೆದು ಆಳವಾಗಿ ಬರೆದವರಿಗೂ ಈಗಷ್ಟೇ ಶುರು ಮಾಡಿದವರಿಗೂ ಇದು ನ್ಯಾಯ ಕೊಡುವುದಿಲ್ಲ.

ಗಣಕ ವಿಜ್ಞಾನದ ದಾರಿಯೇ ಬೇರೆ

ಬಹುತೇಕ ವಿಜ್ಞಾನಗಳಲ್ಲಿ ಜರ್ನಲ್‌ಗೆ ಮೊದಲ ಸ್ಥಾನ. ಗಣಕ ವಿಜ್ಞಾನದಲ್ಲಿ ಹಾಗಲ್ಲ. ಯಂತ್ರಕಲಿಕೆಯವರಿಗೆ ನ್ಯೂರಿಪ್ಸ್, ಸಿದ್ಧಾಂತದವರಿಗೆ ಸ್ಟಾಕ್ ಮತ್ತು ಫಾಕ್ಸ್, ನೆಟ್‌ವರ್ಕಿಂಗ್‌ನವರಿಗೆ ಸಿಗ್‌ಕಾಮ್ ಎಂಬ ಕಾನ್ಫರೆನ್ಸ್‌ಗಳೇ ಮುಖ್ಯ ವೇದಿಕೆ. ಪೂರ್ತಿ ಪ್ರಬಂಧ ಕಳಿಸಬೇಕು, ತಜ್ಞರು ಪರಿಶೀಲಿಸುತ್ತಾರೆ, ಬಹುಪಾಲು ತಿರಸ್ಕೃತವಾಗುತ್ತವೆ. ಸರ್ಜಿ ಬ್ರಿನ್ ಮತ್ತು ಲ್ಯಾರಿ ಪೇಜ್ ಗೂಗಲ್‌ನ ರಚನೆಯನ್ನು ವಿವರಿಸಿದ್ದು 1998ರಲ್ಲಿ ಬ್ರಿಸ್ಬೇನ್‌ನ ಒಂದು ಕಾನ್ಫರೆನ್ಸ್‌ನಲ್ಲೇ. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಪ್ರಬಂಧಕ್ಕೆ ಸಿಗುವ ಉಲ್ಲೇಖದಂತೆ ನೋಡಿದ್ದೇ ಅವರ ಪೇಜ್‌ರ್‍ಯಾಂಕ್‌ನ ಮೂಲ ಹೊಳಹು.

ಈ ಕಾರಣದಿಂದಲೇ ಜರ್ನಲ್‌ಗಳನ್ನಷ್ಟೇ ನೋಡುವ ಸೂಚಿಯಲ್ಲಿ ಗಣಕ ವಿಜ್ಞಾನಿಯ ಅರ್ಧ ಕೆಲಸ ಕಾಣಿಸದೆ ಹೋಗಬಹುದು. ಡೇವಿಡ್ ಪ್ಯಾಟರ್‌ಸನ್, ಲಾರೆನ್ಸ್ ಸ್ನೈಡರ್ ಮತ್ತು ಜೆಫ್ರಿ ಉಲ್‌ಮನ್ 1999ರಲ್ಲಿ ಅಮೆರಿಕದ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಷನ್‌ಗಾಗಿ ಬರೆದ ಟಿಪ್ಪಣಿ, ಬಡ್ತಿ ಸಮಿತಿಗಳಿಗೆ ಇದನ್ನೇ ತಿಳಿಹೇಳಿತು.

ಪ್ರಕಟಣೆಗಳ ಪಟ್ಟಿ ಬೇಕಾದರೆ ಡಿಬಿಎಲ್‌ಪಿ ಇದೆ. ಮಿಖಾಯೆಲ್ ಲೈ 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಸೂಚಿಯನ್ನು ಮನುಷ್ಯರೇ ತಿದ್ದಿ ಅಚ್ಚುಕಟ್ಟಾಗಿ ಇಡುತ್ತಾರೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಯಂತ್ರದಿಂದ ಹುಡುಕುತ್ತದೆ. ಕಾನ್ಫರೆನ್ಸ್, ಪುಸ್ತಕ, ಪ್ರಬಂಧದ ಕರಡು ಎಲ್ಲವೂ ಅದರ ಬಲೆಗೆ ಬೀಳುತ್ತವೆ, ತಪ್ಪುಗಳೂ ಸೇರುತ್ತವೆ. ಒಬ್ಬರದೇ ಅಂಕಿ ಒಂದೊಂದು ಕಡೆ ಒಂದೊಂದು ರೀತಿ ಕಾಣುವುದು ಇದರಿಂದ. ಎಲ್ಲಿ ಎಣಿಸಿದ್ದು ಎಂದು ಹೇಳದ ಎಚ್-ಇಂಡೆಕ್ಸ್ ಅಪೂರ್ಣ ಮಾಹಿತಿ.

ಹೆಸರಿನ ತೊಡಕು

ಇಂಗ್ಲಿಷ್ ಸೂಚಿಗಳು ಮೊದಲ ಹೆಸರು, ಕುಲನಾಮ ಎಂಬ ಎರಡು ಖಾನೆಗಳನ್ನು ಎದುರು ನೋಡುತ್ತವೆ. ಊರು ಮತ್ತು ತಂದೆಯ ಹೆಸರನ್ನು ಇನಿಶಿಯಲ್ ಆಗಿ ಇಟ್ಟುಕೊಳ್ಳುವ ಕನ್ನಡಿಗರಿಗೆ ಇದು ನಿಜವಾದ ತೊಂದರೆ. ಮಂಜುನಾಥ ಎಂಬವರು ಒಂದು ಪ್ರಬಂಧದಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬಿಡಿಸಿ ಬರೆದರೆ ಯಂತ್ರದ ಕಣ್ಣಿಗೆ ಮೂವರು ಮಂಜುನಾಥರು. ಮದುವೆಯ ನಂತರ ಹೆಸರು ಬದಲಿಸಿದ ಮಹಿಳೆಯರ ದಾಖಲೆಯೂ ಹೀಗೆ ಎರಡಾಗಿ ಒಡೆಯುತ್ತದೆ. ಅದರ ತಿರುಗುಮುರುಗು ಕೂಡ ಉಂಟು. ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಲು ಡಿಬಿಎಲ್‌ಪಿ 0001, 0002 ಎಂದು ಹೆಸರಿನ ಕೊನೆಗೆ ಅಂಕಿ ಹಾಕುತ್ತದೆ. 2012ರಿಂದ ಸಿಗುತ್ತಿರುವ 16 ಅಂಕಿಯ ಆರ್ಕಿಡ್ ಗುರುತಿನ ಸಂಖ್ಯೆ ಇದಕ್ಕೆ ಒಳ್ಳೆಯ ಪರಿಹಾರ. ಸಂಶೋಧನೆಗೆ ಕಾಲಿಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ಪ್ರಬಂಧಕ್ಕೂ ಮುನ್ನ ಅದನ್ನು ಮಾಡಿಸಿಕೊಂಡು, ಒಂದೇ ರೀತಿಯಲ್ಲಿ ಹೆಸರು ಬರೆಯುವುದು ಮೇಲು.

ಒಂದೇ ಅಳತೆ ಎಲ್ಲರಿಗೂ ಒಗ್ಗದು

2016ರ ‘ರೆಸ್‌ನೆಟ್’ ಪ್ರಬಂಧ ಚಿತ್ರಗಳನ್ನು ಗುರುತಿಸುವ ನರಜಾಲಗಳನ್ನು (ನ್ಯೂರಲ್ ನೆಟ್‌ವರ್ಕ್) ಬಹಳ ಆಳವಾಗಿ ಕಟ್ಟುವುದನ್ನು ತೋರಿಸಿತು. ಗೂಗಲ್ ಸ್ಕಾಲರ್‌ನಲ್ಲಿ ಅದರ ಉಲ್ಲೇಖಗಳು ಎರಡು ಲಕ್ಷ ದಾಟಿವೆ. ಕಾನ್ಪುರದ ಅವಿಭಾಜ್ಯ ಸಂಖ್ಯೆಯ ಪ್ರಬಂಧ ಅದರ ಹತ್ತಿರಕ್ಕೂ ಬರುವುದಿಲ್ಲ. ಚಿತ್ರಗಳ ಮೇಲೆ ದುಡಿಯುವವರು ಲೆಕ್ಕವಿಲ್ಲದಷ್ಟು, ಸಂಖ್ಯಾ ಸಿದ್ಧಾಂತದವರು ಕೆಲವರು. ಈ ಎರಡು ಅಂಕಿಗಳನ್ನು ಹೋಲಿಸುವುದು ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಅಳೆದು ಅಲ್ಲಿನ ರೈತರ ದುಡಿಮೆಗೆ ಅಂಕ ಕೊಟ್ಟಂತೆ.

ಕಾಲವೂ ಲೆಕ್ಕಕ್ಕೆ ಬರಬೇಕು. ಹಾಕ್‌ರೈಟರ್ ಮತ್ತು ಶ್ಮಿಟ್‌ಹ್ಯೂಬರ್ 1997ರಲ್ಲಿ ಎಲ್‌ಎಸ್‌ಟಿಎಂ ಎಂಬ ನರಜಾಲವನ್ನು ವಿವರಿಸಿದರು. ಅದರ ಉಲ್ಲೇಖಗಳು ರಭಸದಿಂದ ಏರಿದ್ದು 2010ರ ದಶಕದಲ್ಲಿ. ಐದು ವರ್ಷದ ಕಿಟಕಿಯಿಂದ ನೋಡಿದವರಿಗೆ ಅದರ ಮಹತ್ವ ಕಾಣುತ್ತಲೇ ಇರಲಿಲ್ಲ. ಲೇಖಕರ ಕ್ರಮವೂ ಹಾಗೆಯೇ. ಸಿದ್ಧಾಂತದ ಪ್ರಬಂಧಗಳಲ್ಲಿ ಹೆಸರುಗಳು ಅಕಾರಾದಿಯಾಗಿ ಬರುತ್ತವೆ. ಉಳಿದ ಹಲವೆಡೆ ಮೊದಲ ಹೆಸರಿನವರೇ ಹೆಚ್ಚು ದುಡಿದವರು.

ಕೆಲವು ಕೆಲಸಗಳಂತೂ ಉಲ್ಲೇಖದ ಲೆಕ್ಕಕ್ಕೇ ಸಿಗುವುದಿಲ್ಲ. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಕನ್ನಡಕ್ಕೆ ಶಿಷ್ಟವೆಂದು ಒಪ್ಪಿತು, ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ, ಮುದ್ರಣಾಲಯ, ಮನೆಗಳನ್ನು ಮುಟ್ಟಿತು. ಅದನ್ನು ಬಳಸಿ ಬರೆಯುವ ಯಾರೂ ಕೊನೆಯಲ್ಲಿ ಅದಕ್ಕೊಂದು ಉಲ್ಲೇಖ ಕೊಡುವುದಿಲ್ಲ. ಪ್ರಭಾವ ಎಂಬ ಮಾತಿಗೆ ಅರ್ಥವಿದ್ದರೆ ಇಂಥ ಕೆಲಸ ಅದರೊಳಗೆ ಬರಲೇಬೇಕು.

ಅಂಕಿಯ ಬೆನ್ನು ಹತ್ತಿದರೆ

ಹುದ್ದೆ, ಬಡ್ತಿಗಳು ಅಂಕಿಗೆ ಗಂಟುಬಿದ್ದರೆ ಜನ ಅಂಕಿಯನ್ನೇ ಬೆಳೆಸತೊಡಗುತ್ತಾರೆ. ಒಂದು ಕೆಲಸವನ್ನು ನಾಲ್ಕಾಗಿ ಸೀಳಿ ಪ್ರಕಟಿಸುವುದು, ತಮ್ಮನ್ನೇ ಉಲ್ಲೇಖಿಸಿಕೊಳ್ಳುವುದು, ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಉಲ್ಲೇಖ ಹಂಚುವುದು ಇದರ ರೂಪಗಳು. ಅಂಕಿ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂದು ಫ್ರಾನ್ಸ್‌ನ ಗ್ರೆನೋಬಲ್‌ನ ಸಿರಿಲ್ ಲಾಬೆ 2010ರಲ್ಲಿ ತೋರಿಸಿದರು. ಎಂಐಟಿ ವಿದ್ಯಾರ್ಥಿಗಳು 2005ರಲ್ಲಿ ಮಾಡಿದ್ದ ಸೈಜೆನ್ ಎಂಬ ತಂತ್ರಾಂಶ ಅರ್ಥವಿಲ್ಲದ ಪ್ರಬಂಧಗಳನ್ನು ಹೆಣೆಯುತ್ತದೆ. ಅದರಿಂದ ಲಾಬೆ ಸುಮಾರು ನೂರು ಪ್ರಬಂಧಗಳನ್ನು ತಯಾರಿಸಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಐಕ್ ಆಂಟ್‌ಕೇರ್ ಎಂಬ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಜಾಲಕ್ಕೆ ಹಾಕಿದರು. ಗೂಗಲ್ ಸ್ಕಾಲರ್ ಆಧಾರದ ಲೆಕ್ಕದಲ್ಲಿ ಆತನ ಎಚ್-ಇಂಡೆಕ್ಸ್ 94 ಆಯಿತು. 2014ರಲ್ಲಿ ಇಂಥ ಯಂತ್ರರಚಿತ 120ಕ್ಕೂ ಹೆಚ್ಚು ಪ್ರಬಂಧಗಳನ್ನು ಪ್ರಕಾಶಕರಾದ ಸ್ಪ್ರಿಂಗರ್ ಮತ್ತು ಐಇಇಇ ಹಿಂದಕ್ಕೆ ಪಡೆದವು. ನಮ್ಮಲ್ಲಿ 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಡಬೇಕಾಯಿತು.

ಪ್ರತಿಷ್ಠಿತ ವೇದಿಕೆಯ ಮುದ್ರೆಯೂ ಕೊನೆಯ ಮಾತಲ್ಲ. 2014ರಲ್ಲಿ ನ್ಯೂರಿಪ್ಸ್ ತನಗೆ ಬಂದ ಪ್ರಬಂಧಗಳಲ್ಲಿ ಹತ್ತನೇ ಒಂದು ಭಾಗವನ್ನು ಎರಡು ಬೇರೆ ಸಮಿತಿಗಳಿಗೆ ಕೊಟ್ಟು ನೋಡಿತು. ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಇನ್ನೊಂದು ಸಮಿತಿ ತಿರಸ್ಕರಿಸಿತ್ತು.

ದಾಖಲೆಯನ್ನು ಓದುವ ಕ್ರಮ

ಹಾಗೆಂದು ಅಂಕಿಗಳನ್ನು ಬಿಸಾಡಬೇಕಿಲ್ಲ. ದೊಡ್ಡವರ ಶಿಫಾರಸು, ಜಾತಿ, ಊರಿನ ನಂಟುಗಳು ಕೆಲಸ ಮಾಡುವ ಕಡೆ ಒಂದು ಬಹಿರಂಗ ಎಣಿಕೆ ಹೆಸರಿಲ್ಲದ ಕಾಲೇಜಿನ ಶ್ರಮಜೀವಿಗೆ ಆಸರೆಯಾಗಬಲ್ಲದು. ಅದನ್ನು ಬಳಸುವ ಕ್ರಮ ತಿಳಿದಿರಬೇಕು, ಅಷ್ಟೆ. ಎಣಿಸಿದ್ದು ಯಾವ ಸೂಚಿ? ಹೋಲಿಕೆ ಅದೇ ಉಪಕ್ಷೇತ್ರದ, ಅದೇ ವಯೋಮಾನದವರ ಜೊತೆಗೇ? ಸ್ವಂತ ಉಲ್ಲೇಖಗಳು ಎಷ್ಟು? ಬಹುಲೇಖಕರ ಪ್ರಬಂಧದಲ್ಲಿ ಇವರು ಮಾಡಿದ್ದೇನು? ಉಲ್ಲೇಖಿಸಿದವರು ಆ ಕೆಲಸದ ಮೇಲೆ ಏನಾದರೂ ಕಟ್ಟಿದರೇ, ಸುಮ್ಮನೆ ಪಟ್ಟಿಯಲ್ಲಿ ಸೇರಿಸಿದರೇ? ಇಷ್ಟು ಕೇಳಿದ ಮೇಲೆ ಅಂಕಿಗೆ ಅರ್ಥ ಬರುತ್ತದೆ.

2013ರಲ್ಲಿ ಹೊರಬಂದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ, ಅಂದರೆ ಅದರ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖದಿಂದ, ವ್ಯಕ್ತಿಯನ್ನು ಅಳೆಯಬೇಡಿ ಎಂದಿತು. 2015ರ ಲೈಡನ್ ಪ್ರಣಾಳಿಕೆ, ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಲಿ, ಅದರ ಜಾಗವನ್ನು ಆಕ್ರಮಿಸದಿರಲಿ ಎಂದಿತು. ಅದೇ ವರ್ಷ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಷನ್ ಸರಳ ದಾರಿಯೊಂದನ್ನು ಸೂಚಿಸಿತು. ನೇಮಕಕ್ಕೆ ಅಭ್ಯರ್ಥಿಯ ಅತ್ಯುತ್ತಮ ಒಂದೆರಡು ಪ್ರಬಂಧಗಳನ್ನು, ಬಡ್ತಿಗೆ ಮೂರರಿಂದ ಐದನ್ನು ಆಯ್ದು ಓದಿ.

ನಮ್ಮ ವಿಶ್ವವಿದ್ಯಾಲಯಗಳು ನಾಳೆಯೇ ಇದನ್ನು ಜಾರಿಗೆ ತರಬಹುದು, ಖರ್ಚೂ ಇಲ್ಲ. ಅರ್ಜಿಯಲ್ಲಿ ಒಟ್ಟು ಪ್ರಕಟಣೆ ಎಷ್ಟು ಎಂಬ ಖಾನೆಯ ಮೇಲೆ, ‘ನಿಮ್ಮ ಮೂರು ಒಳ್ಳೆಯ ಕೆಲಸಗಳು ಯಾವುವು, ಅವುಗಳಿಂದ ಏನು ಬದಲಾಯಿತು’ ಎಂಬ ಖಾನೆ ಬರಲಿ. ಆ ಮೂರನ್ನು ಓದಿ ಬಂದವರಷ್ಟೇ ಸಮಿತಿಯಲ್ಲಿ ಕುಳಿತು ತೀರ್ಪು ಕೊಡಲಿ. ಅಂಕಿ ಬೆಳೆಸಿಕೊಳ್ಳಲು ಹೋಗುತ್ತಿರುವ ಎಷ್ಟೋ ಯುವಕರ ವರ್ಷಗಳು ಆಗ ನಿಜವಾದ ಸಮಸ್ಯೆಗಳಿಗೆ ದಕ್ಕುತ್ತವೆ.