ಸ್ಥಳ ಬದಲಿಸಿದ ಬಾವಿ

ಗಣಕಯಂತ್ರದಲ್ಲಿ ಭೂಪಟಗಳನ್ನು ರಚಿಸಲು ನೆರವಾಗುವ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವು 2002ರಲ್ಲಿ ಆರಂಭವಾಯಿತು. ಅದನ್ನು ಹೊಸದಾಗಿ ಕಲಿಯುವವರನ್ನು ಕಂಗೆಡಿಸುವ ಸಂಗತಿಯೊಂದುಂಟು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಯ ಮೇಲೆ, ಉಪಗ್ರಹಗಳ ನೆರವಿನಿಂದ ಗುರುತಿಸಿದ ಬಿಂದುಗಳನ್ನು ಇರಿಸಿದಾಗ ಊರಬಾವಿಯು ಸುಮಾರು ನೂರು ಮೀಟರು ಸರಿದು ಯಾರದೋ ಗದ್ದೆಯಲ್ಲಿ ಕಾಣಿಸಬಹುದು! ಗಡಿ ಗುರುತಿಸುವ ಕಾರ್ಯದಲ್ಲಿ ಇದೇನೂ ಅಲ್ಪ ವ್ಯತ್ಯಾಸವಲ್ಲ. ಕಲಿಯುವವರು ತಮ್ಮ ಕೈತಪ್ಪೆಂದೇ ಭಾವಿಸಿ ಮತ್ತೆ ಮತ್ತೆ ಅಳೆಯುತ್ತಾರೆ.

ವಾಸ್ತವವಾಗಿ ಎರಡು ಅಳತೆಗಳೂ ಸರಿಯೇ. ಅವು ಆಧರಿಸಿದ ಭೂಗೋಲಗಳು ಮಾತ್ರ ಬೇರೆ. ಹಳೆಯ ನಕ್ಷೆಗೆ ಆಧಾರವಾದುದು ಜಾರ್ಜ್ ಎವರೆಸ್ಟರು 1830ರಲ್ಲಿ ನಿರ್ಣಯಿಸಿದ ಭೂಮಿಯ ಆಕಾರ. ಉಪಗ್ರಹಗಳು ಅನುಸರಿಸುವ 1984ರ ಮಾನದಲ್ಲಿ ಸಮಭಾಜಕದ ತ್ರಿಜ್ಯವು ಅದಕ್ಕಿಂತ ಸುಮಾರು 860 ಮೀಟರು ಅಧಿಕ, ಕೇಂದ್ರವೂ ಬೇರೆ. ಹೇಳದಿದ್ದರೆ ಯಂತ್ರವು ಇದನ್ನು ಊಹಿಸಲಾರದು. ಯಾವ ನಕ್ಷೆ ಯಾವ ಮಾನದ್ದೆಂದು ತಿಳಿಸಿದೊಡನೆ ಲೆಕ್ಕಹಾಕಿ, ಬಾವಿಯನ್ನು ಅದರ ಸ್ಥಾನಕ್ಕೆ ತರುತ್ತದೆ.