ಕ್ಯಾಸೆಟ್ಟಿನೊಳಗೆ ವಾಲಿ ಇನ್ನೂ ವಾದಿಸುತ್ತಿದ್ದಾನೆ!

ಮೊದಲು ಕೇಳಿಸುವುದು ಮಳೆ. ಹಂಚಿನ ಮಾಡಿನ ಮೇಲೆ ಸುರಿಯುವ ಆಟಿ ತಿಂಗಳ ಮಳೆ. ಅದರಡಿ ಯಾರದೋ ಕೆಮ್ಮು, ಮೈಕಿನ ಕುಂಯ್ ಸದ್ದು. ಆಮೇಲೆ ಚೆಂಡೆ! ಭಾಗವತರ ಏರುಶ್ರುತಿಯ ಪದ ಮಳೆಯನ್ನು ಸೀಳಿಕೊಂಡು ಬರುತ್ತದೆ. ಪದ ಮುಗಿದದ್ದೇ ತಡ, ವಾಲಿ ಮಾತಿಗಿಳಿಯುತ್ತಾನೆ. ಎದೆಗೆ ಬಾಣ ನಾಟಿಸಿಕೊಂಡವನು ರಾಮನನ್ನೇ ಕಟಕಟೆಗೆ ಎಳೆಯುತ್ತಾನೆ. ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಬದಿಯಡ್ಕ ಕಡೆಯ ಮನೆಯೊಂದರ ಅಟ್ಟದಿಂದ ಇಳಿದ ಹಳೆಯ ಕ್ಯಾಸೆಟ್ಟು, ಅಷ್ಟೇ. ಅದರೊಳಗೆ ಇಡೀ ಕಿಷ್ಕಿಂಧೆ!

ಯಕ್ಷಗಾನ ಮೇಳಗಳು ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ಮನೆ, ಮಠ, ದೇವಸ್ಥಾನಗಳಲ್ಲಿ ತಾಳಮದ್ದಳೆ ಕೂಟ: ವೇಷವಿಲ್ಲದೆ ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನ. ಇಲ್ಲಿ ಬರೆದಿಟ್ಟದ್ದು ಪದ ಮಾತ್ರ. ಅರ್ಥ, ಅಂದರೆ ಪದದ ಬೆನ್ನಿಗೆ ಪಾತ್ರ ಆಡುವ ಮಾತು, ಪ್ರಸಂಗದ ಪುಸ್ತಕದಲ್ಲಿಲ್ಲ. ಎದುರಾಳಿ ಏನು ಕೇಳುತ್ತಾನೆಂದು ಅವನು ಕೇಳುವವರೆಗೂ ಯಾರಿಗೂ ಗೊತ್ತಿಲ್ಲ. ನಿನ್ನೆಯ ವಾಲಿ ಇವತ್ತಿಲ್ಲ, ಇವತ್ತಿನವನು ನಾಳೆ ಸಿಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಗಾಳಿಗೆ ಹೋಗಬೇಕಾಗಿದ್ದ ಈ ಸಾಹಿತ್ಯವನ್ನು ಹಿಡಿದಿಟ್ಟವರು ಅಭಿಮಾನಿಗಳು! ತೋಟದ ಕೆಲಸ, ಶಾಲೆಯ ಪಾಠ ಮುಗಿಸಿ, ಟೇಪ್ ರೆಕಾರ್ಡರ್ ಕಂಕುಳಲ್ಲಿ ಇರುಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತವರು.

ಅಮೆರಿಕದಲ್ಲೂ ಹೀಗೇ ಆಗಿತ್ತು ಎಂದು ತಿಳಿದಾಗ ನನಗೆ ರೋಮಾಂಚನ. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲುಗಳು ಸರದಿಯ ಮೇಲೆ ಜಿದ್ದಿಗೆ ಬೀಳುವ ಬ್ಲೂಗ್ರಾಸ್ ಸಂಗೀತವನ್ನು ರಾಲ್ಫ್ ರಿಂಜ್ಲರನಂಥ ಉತ್ಸಾಹಿಗಳು ಬೆನ್ನಟ್ಟಿ ಟೇಪಿಗಿಳಿಸಿದರು. ಬಿಲ್ ಮನ್ರೋ 1956ರಿಂದ 1969ರವರೆಗೆ ಜನರೆದುರು ಹಾಡಿದ್ದರ ಅಂಥ ಮುದ್ರಣಗಳು 1993ರಲ್ಲಿ ಆಲ್ಬಮ್ಮಾಗಿ ಬಂದವು. ಅಲ್ಲಿಯೂ ಎತ್ತರದ ಶ್ರುತಿ, ಅಲ್ಲಿಯೂ ಆ ಹೊತ್ತಿಗೆ ಹುಟ್ಟಿದ ಪ್ರತಿಭೆ!

ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕಾಸರಗೋಡು ಸೀಮೆ ಕೊಟ್ಟ ದನಿಗಳಾದರೂ ಎಂಥವು! ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಕುಳಿತರೆಂದರೆ ಎದುರು ಕುಳಿತವನು ತಯಾರಾಗಿಯೇ ಬರಬೇಕಿತ್ತು. ಕುಂಬಳೆ ಸುಂದರ ರಾಯರ ಪ್ರಾಸ, ಪೆರ್ಲ ಕೃಷ್ಣ ಭಟ್ಟರ ಅರ್ಥ, ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ ಕಂಚಿನ ಕಂಠ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನೇ ನೋಡಿ: 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಅವರ ಹೆಸರು ಬಾಯಿಪಾಠ, ಆ ಸ್ವಾಮೀಜಿ ಸ್ವತಃ ಭಾಗವತಿಕೆ ಮಾಡುತ್ತಿದ್ದರು!

ಈಗ ನನ್ನ ಕ್ಯಾಸೆಟ್ಟಿಗೆ ಬರುತ್ತೇನೆ. ತೊಂಬತ್ತು ನಿಮಿಷದ್ದು, ಒಂದು ಬದಿಗೆ 45 ನಿಮಿಷ. ಅಲ್ಲಲ್ಲಿ ಬೂಷ್ಟು ಹಿಡಿದಿದೆ, ಕೆಲವೆಡೆ ದನಿ ನೀರಿನಡಿಯಿಂದ ಬಂದಂತೆ ಮಂಕಾಗುತ್ತದೆ. ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ವಾಲಿ ಕೇಳಿಯಾಯಿತು, ಸಭೆ ಉಸಿರು ಬಿಗಿಹಿಡಿದಿದೆ, ರಾಮ ಉತ್ತರಕ್ಕೆ ಗಂಟಲು ಸರಿಪಡಿಸಿಕೊಳ್ಳುತ್ತಾನೆ... ಟಕ್! ಬದಿ ಮುಗಿಯಿತು. ತಿರುಗಿಸಿ ಹಾಕಿದರೆ ಸಭೆ ಹೋ ಎಂದು ನಗುತ್ತಿದೆ. ಯಾವ ಮಾತಿಗೆ ನಕ್ಕಿತೋ ಆ ಮಾತೇ ಇಲ್ಲ! ಹೊಟ್ಟೆ ಉರಿಯುತ್ತದೆ.

ಆದರೆ ಕಿವಿಗೆ ಹೆಡ್‌ಫೋನ್ ಏರಿಸಿ ಹಿಂದಕ್ಕೆ ಹೋಗಿ ಕೇಳಿದಾಗ ಇನ್ನೊಂದು ಸದ್ದು ಸಿಕ್ಕಿತು. ಮೊದಲ ಬದಿಯ ನಡುವೆ, ಸುಗ್ರೀವನ ಮಾತಿನ ಹೊತ್ತಿಗೆ, ಮೈಕಿನ ಹತ್ತಿರವೇ ಇನ್ನೊಂದು ಟಕ್! ಅದು ನನ್ನ ಕ್ಯಾಸೆಟ್ಟಿನದಲ್ಲ. ಪಕ್ಕದಲ್ಲಿ ಬೇರೊಬ್ಬರು ತಮ್ಮ ರೆಕಾರ್ಡರಿನಲ್ಲಿ ಬದಿ ಬದಲಿಸಿದ ಸದ್ದು! ಅಂದರೆ ರಾಮ ಬಾಯಿ ತೆರೆದಾಗ ಆ ಎರಡನೆಯ ಟೇಪು ಓಡುತ್ತಲೇ ಇದ್ದಿರಬೇಕು. ಕ್ಯಾಸೆಟ್ಟಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಪ್ರಸಂಗದ ಹೆಸರಿದೆ, ಕೂಟ ನಡೆದ ಮನೆಯ ಹೆಸರಿದೆ. ನಾಳೆ ಆ ಮನೆಯಿಂದಲೇ ವಿಚಾರಿಸಲು ಶುರು ಮಾಡುತ್ತೇನೆ.